ಓದು ಮುಗಿಯುತ್ತಾ ಬಂತು, ಕಾಬೂಲಿನ ಹುಡುಗಿ ಊರಿಗೆ ಹೋಗಲೋ ಬೇಡವೋ ಅಂತಿದ್ದಾಳೆ

ಧಾರವಾಡದಾಕಿ, ಪುಣೆ:
ಕೋಥ್ರೂಡ್‌ನಲ್ಲಿ ನಮ್ಮ ಮನೆಯ ಮೇಲಿನ ರೂಮನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತೇನೆ. ಈಗಿರುವವಳು ಕಾಬೂಲಿನವಳು. 2021ರ ಆಗಸ್ಟ್ 15ಕ್ಕೆ ತಾಲಿಬಾನ್ ಅವಳ ಊರಿಗೆ ನುಗ್ಗಿದಾಗ ಇಲ್ಲಿ ಬಿ.ಕಾಂ. ಓದುತ್ತಿದ್ದಳು. ಆಮೇಲೆ ಊರಿಗೆ ಹೋಗೇ ಇಲ್ಲ. ಎಂ.ಕಾಂ. ಆಯ್ತು, ಎಂಬಿಎ ಮುಗಿಯುತ್ತಾ ಬಂತು. ಓದುವ ಆಸೆಗಲ್ಲ, ಓದು ನಿಂತರೆ ವೀಸಾನೂ ನಿಲ್ಲುತ್ತದೆ ಅಂತ.

ಊರಲ್ಲಿ ತಂಗಿ ಇದ್ದಾಳೆ, 15 ವರ್ಷ. ಅಲ್ಲಿ ಹೆಣ್ಣುಮಕ್ಕಳಿಗೆ ಆರನೇ ಕ್ಲಾಸ್ ಆದಮೇಲೆ ಶಾಲೆ ಇಲ್ಲ. 2022ರ ಡಿಸೆಂಬರಿನಲ್ಲಿ ಯೂನಿವರ್ಸಿಟಿ ಬಾಗಿಲೂ ಹಾಕಿದರು. ಅಕ್ಕನಿಗೆ ಡಿಗ್ರಿ ಮೇಲೆ ಡಿಗ್ರಿ, ತಂಗಿಗೆ ಏಳನೇ ಕ್ಲಾಸೂ ಇಲ್ಲ. ನನಗಂತೂ ತಲೆ ತಿರುಗುತ್ತದೆ.

2025ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಎರಡು ದಿನ ದೇಶಕ್ಕೆಲ್ಲ ಇಂಟರ್ನೆಟ್ ಕಡಿದಿದ್ದರಲ್ಲ, ಆಗ ನನ್ನ ಜೊತೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕಣ್ಣೆಲ್ಲ ಫೋನಿನ ಮೇಲೆ. ವಾಟ್ಸಾಪಿನಲ್ಲಿ ಒಂದೇ ಟಿಕ್. ಕಾಳಿನ ಡಬ್ಬಿಗೆ ಸಿಪ್ಪೆ ಹಾಕುತ್ತಿದ್ದಳು. ನಾನು ಸುಮ್ನೆ ಆರಿಸಿ ತೆಗೆಯುತ್ತಿದ್ದೆ.

ಈಗ ಏಜೆಂಟ್ ಒಬ್ಬ ಇನ್ನೊಂದು ಡಿಪ್ಲೊಮಾ ಸೇರು ಅಂತಿದ್ದಾನೆ. ಅಪ್ಪ ಬಾ ಅಂತಾರೆ, ಅಮ್ಮ ಬರಬೇಡ ಅಂತಾರೆ. ಸೇರಿಬಿಡು ಅಂತ ನಾನೂ ಹೇಳಿಬಿಟ್ಟೆ. ತಪ್ಪು ಮಾಡಿದೆನಾ?

ಮಾಟುಂಗಾ ಮಾಮ, ಮುಂಬೈ:
ಏಜೆಂಟನ್ನು ಬಿಡಿ ಅಕ್ಕ. ಒಂದು ಕಾಲೇಜಿನಲ್ಲಿ ವಿದೇಶಿ ಮಕ್ಕಳ ಕಾಗದಪತ್ರ ನೋಡುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಓದಲೇಬೇಕಾದರೆ ಪಿಎಚ್‌ಡಿಗೆ ಪ್ರಯತ್ನ ಮಾಡಲಿ. ವರ್ಷ ವರ್ಷ ಹೊಸ ಕೋರ್ಸ್ ಹುಡುಕುವುದು ತಪ್ಪುತ್ತದೆ. ವೀಸಾ ಮುಗಿಯುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಸೈಟಿನಲ್ಲಿ ಅರ್ಜಿ ಹಾಕಲಿ. ದಿಲ್ಲಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಇದೆ, ಅಲ್ಲೂ ಕೇಳಬಹುದು. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. ಆ ಕಚೇರಿ ಕೊಡುವ ನಿರಾಶ್ರಿತರ ಕಾರ್ಡೊಂದನ್ನೇ ನಂಬಿ ವೀಸಾ ಕೈಬಿಡಬಾರದು.

ಮಡಗಾಂವ್ ನಾಯಕ, ಗೋವಾ:
ಹೆತ್ತ ಅಪ್ಪ ಕರೆದರೆ ಹೋಗಬೇಕಪ್ಪ. ಮನೆಮಾಲೀಕರು ನಡುವೆ ಯಾಕೆ?

ಧಾರವಾಡದಾಕಿ:
ನಾಯಕರೇ, ಅಪ್ಪ ಕರೆಯುತ್ತಿರುವುದು ಮದುವೆಗೆ. ಬರೆಯುವುದು ಮರೆತೆ. ಗಂಡು ಯಾರು ಅಂತಲೂ ಅವಳಿಗೆ ಗೊತ್ತಿಲ್ಲ.

ಮಾಮ, ಪಿಎಚ್‌ಡಿ ಮಾತು ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಕೇಳಿದ್ದೇ ಬೇರೆ. ನನ್ನ ಮಗ ತಿಂಗಳಿಗೊಮ್ಮೆ ವೈಫೈ ಪಾಸ್‌ವರ್ಡ್ ಬದಲಾಯಿಸುತ್ತಾನೆ. "ಆಂಟಿ, ಈ ತಿಂಗಳು ಬೇಡ ಅನ್ನಿ. ರಾತ್ರಿ ತಂಗಿಗೆ ಬೀಜಗಣಿತ ಹೇಳಿಕೊಡುತ್ತಿದ್ದೇನೆ" ಅಂದಳು.