ಸಹಾಯ ಬೇಕು: ಬೇಸ್ ಗಿಟಾರ್‌ನ ವಾಲ್ಯೂಮ್ ಪಾಟ್ (ನಾಬ್ ಕೆಳಗಿನ, ತಿರುಗಿಸುವ ರೆಸಿಸ್ಟರ್), ಎ ಹಾಕಲಾ ಬಿ ಹಾಕಲಾ?

ಎಲ್ಲರಿಗೂ ನಮಸ್ಕಾರ. ನಾನು ಗೋವಾದ ವಾಸ್ಕೋದಲ್ಲಿದ್ದೇನೆ. ನನ್ನದು ಜಾಝ್ ಬೇಸ್ ಮಾದರಿಯ ಪ್ಯಾಸಿವ್ ಗಿಟಾರ್. ಎರಡು ವಾಲ್ಯೂಮ್, ಒಂದು ಟೋನ್, ಬ್ಯಾಟರಿ ಇಲ್ಲ. ಇಲ್ಲಿಯ ಮಳೆಗಾಲ ಗೊತ್ತಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಈಗ ನೆಕ್ ಪಿಕಪ್‌ನ (ಕುತ್ತಿಗೆ ಕಡೆಯ, ತಂತಿಯ ಕಂಪನ ಹಿಡಿಯುವ ಕಾಯಿಲ್) ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಅರ್ಧಕ್ಕಿಂತ ಮೇಲೆ ಹೋದಾಗ ಮಾತ್ರ.

ಕೇಬಲ್ ಬದಲಿಸಿದೆ, ಬೇರೆ ಆಂಪ್‌ನಲ್ಲೂ ನೋಡಿದೆ. ಜ್ಯಾಕ್‌ನ ನಟ್ ಬಿಗಿ ಮಾಡಿದೆ. ಕಂಟ್ರೋಲ್ ಪ್ಲೇಟ್ ಬಿಚ್ಚಿ, ಪಾಟ್‌ನ ಕಾಲುಗಳ ಮೇಲಿರುವ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಚೆನ್ನಾಗಿ ತಿರುಗಿಸಿದೆ. ಸ್ವಲ್ಪ ದಿನ ಸುಮ್ಮನಿತ್ತು, ಮತ್ತೆ ಅದೇ ರಾಗ. ಹಮ್ (ಗುಂಯ್ ಎನ್ನುವ ಸದ್ದು) ಇದೆ, ಆದರೆ ತಂತಿ ಮುಟ್ಟಿದರೆ ನಿಲ್ಲುತ್ತದೆ. ಹಾಗಾಗಿ ಬ್ರಿಡ್ಜ್‌ನ (ತಂತಿ ಕೂರುವ ಲೋಹದ ಭಾಗ) ಗ್ರೌಂಡ್ ವೈರ್ ಸರಿ ಇದೆ ಅಂದುಕೊಂಡಿದ್ದೇನೆ.

ರಿಪೇರಿ ಅಂಗಡಿಯವರು ಪೂರ್ತಿ ವೈರಿಂಗೇ ಬದಲಿಸಿ ಎನ್ನುತ್ತಾರೆ. ಒಂದು ಪಾಟ್ ಕೆಟ್ಟರೆ ಅಷ್ಟೆಲ್ಲ ಯಾಕೆ? ಸೋಲ್ಡರಿಂಗ್ ನನಗೇ ಬರುತ್ತದೆ.

ತೊಡಕು ಇರುವುದು ಇಲ್ಲಿ. ಹಳೇ ಪಾಟ್‌ನ ಬೆನ್ನಿನ ಮೇಲೆ 250ಕೆ (ಕಿಲೋ ಓಮ್) ಎಂದಷ್ಟೇ ಕಾಣುತ್ತದೆ, ಪಕ್ಕದ ಅಕ್ಷರ ಅಳಿಸಿ ಹೋಗಿದೆ. ಅದು ಎ, ಅಂದರೆ ಆಡಿಯೋ ಟೇಪರಾ (ತಿರುಗಿಸಿದಂತೆ ರೆಸಿಸ್ಟೆನ್ಸ್ ಮೊದಲು ನಿಧಾನ, ಆಮೇಲೆ ಬೇಗ ಏರುವುದು), ಇಲ್ಲ ಬಿ, ಅಂದರೆ ಲೀನಿಯರಾ (ಒಂದೇ ಸಮ ಏರುವುದು) ತಿಳಿಯುತ್ತಿಲ್ಲ. ವೈರ್ ಇದ್ದ ಹಾಗೇ ಮಲ್ಟಿಮೀಟರ್ ಇಟ್ಟರೆ ಪಿಕಪ್‌ನ ರೆಸಿಸ್ಟೆನ್ಸೂ ಸೇರಿ ಲೆಕ್ಕ ತಪ್ಪುತ್ತದೆ, ಅಲ್ವಾ?

ಪಾಟ್ ಬಿಡಿಸಿ, ನಾಬ್ ಮಧ್ಯಕ್ಕಿಟ್ಟು ಅಳೆದರೆ ಎ, ಬಿ ಗೊತ್ತಾಗುತ್ತದಾ? ಬ್ರಿಡ್ಜ್ ಪಿಕಪ್‌ನ ಪಾಟ್ ಹಳೆಯದೇ ಇಟ್ಟು ಇದೊಂದನ್ನೇ ಬದಲಿಸಿದರೆ ನಡೆಯುತ್ತದಾ, ಇಲ್ಲ ಎರಡೂ ಜೋಡಿಯಾಗಿ ಹಾಕಬೇಕಾ? ಮಾಡಿ ನೋಡಿದವರು ಹೇಳಿ.