ಯೆರುಹಾಮ್‌ನಲ್ಲಿ ಮಗಳ ಒಂದು ವರ್ಷ: ಅಲ್ಲಿದ್ದವರು ಹೇಳಿದ್ದು

ಕೇಳಿದ್ದು

ನಮಸ್ಕಾರ. ನಾನು ಬೆಳಗಾವಿ ಕಡೆಯವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಗಂಡ ಯಹೂದಿ. ಮಗಳು ಹೈಸ್ಕೂಲ್ ಮುಗಿಸಿದ್ದಾಳೆ. ಕಾಲೇಜಿಗೆ ಸೇರುವ ಮುಂಚೆ ಒಂದು ವರ್ಷ ವಾಲಂಟಿಯರ್ ಆಗಿ ಇಸ್ರೇಲಿಗೆ ಹೊರಟಿದ್ದಾಳೆ. ಟೆಲ್ ಅವೀವ್ ಸಿಗಬಹುದು ಅಂದುಕೊಂಡಿದ್ದೆವು. ಸಿಕ್ಕಿದ್ದು ನೆಗೆವ್ ಮರುಭೂಮಿಯ ಯೆರುಹಾಮ್. ಬೆಳಗ್ಗೆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡೋದು, ಮಧ್ಯಾಹ್ನದ ಮೇಲೆ ಮಕ್ಕಳ ಕೇಂದ್ರದಲ್ಲಿ ಕೆಲಸ. ಆರು ಹುಡುಗಿಯರಿಗೆ ಒಂದೇ ಫ್ಲಾಟ್. ಇವಳು ಸಸ್ಯಾಹಾರಿ. ಅಷ್ಟು ಚಿಕ್ಕ ಊರಲ್ಲಿ ದಿನ ಹೇಗೆ ಹೋಗುತ್ತದೆ? ತಾಯಿ ಯಹೂದಿ ಅಲ್ಲ ಅಂದರೆ ಜನ ಹೇಗೆ ನೋಡುತ್ತಾರೆ? ಅಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸ್ದೆ ಬೋಕರ್‌ನಲ್ಲಿ ಸಂಶೋಧನೆ ಮಾಡುತ್ತಿದ್ದವರು

ಯೆರುಹಾಮ್‌ಗೆ ಹತ್ತಿರವೇ ಇರುವ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಮರುಭೂಮಿ ಕ್ಯಾಂಪಸ್‌ನಲ್ಲಿ ನಾವು ಕೆಲವು ವರ್ಷ ಇದ್ದೆವು. ನನ್ನ ಹೆಂಡತಿ ಯೆರುಹಾಮ್‌ನ ಮಕ್ಕಳ ಕೇಂದ್ರವೊಂದಕ್ಕೆ ಹೋಗುತ್ತಿದ್ದಳು. ಅಮೆರಿಕ, ಬ್ರಿಟನ್, ಅರ್ಜೆಂಟೀನಾದಿಂದ ಬಂದ ಇಂಥ ಹುಡುಗ ಹುಡುಗಿಯರು ನಮ್ಮ ಮನೆಗೂ ಬಂದು ಹೋಗುತ್ತಿದ್ದರು. ಅವರನ್ನು ನೋಡಿ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಮಗಳಿಗೆ ಇದನ್ನು ಮೊದಲೇ ಹೇಳಿ: ಶನಿವಾರ ಊರು ಬಿಟ್ಟು ಹೋಗಬೇಡ, ಕಡೇ ಪಕ್ಷ ಮೊದಲ ಎರಡು ಮೂರು ತಿಂಗಳು.

ಯಾಕೆ ಅಂದರೆ, ವಾರ ಶುರುವಾಗೋದು ಭಾನುವಾರ. ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ. ಅದಕ್ಕೇ ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚುತ್ತವೆ, ಬಸ್ ನಿಲ್ಲುತ್ತದೆ. ಮತ್ತೆ ಬಸ್ ಬರೋದು ಶನಿವಾರ ಕತ್ತಲಾದ ಮೇಲೆ. ಇದು ಗೊತ್ತಾದ ಕೂಡಲೇ ಹೆಚ್ಚಿನ ವಾಲಂಟಿಯರ್‌ಗಳು ಗುರುವಾರ ಸಂಜೆಯೇ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಜೆರುಸಲೇಮ್, ಟೆಲ್ ಅವೀವ್ ಅಂತ ಹೊರಟುಬಿಡುತ್ತಾರೆ. ಆದರೆ ಯೆರುಹಾಮ್ ಮನೆ ಬಾಗಿಲು ತೆಗೆಯೋದೇ ಶುಕ್ರವಾರ ರಾತ್ರಿ. ವಾರವಿಡೀ ಶಾಲೆಯಲ್ಲಿ ಮುಖ ತಿರುಗಿಸಿಕೊಂಡಿದ್ದ ಹುಡುಗಿಯ ಅಮ್ಮನೇ ಊಟಕ್ಕೆ ಕರೆಯುತ್ತಾಳೆ. ಮೊರಾಕ್ಕೊ ಮೂಲದ ಮನೆಯಾದರೆ ಕೆಂಪು ಮೆಣಸಿನ ಖಾರದ ಮೀನು, ಕೂಸ್ಕೂಸ್, ಜೊತೆಗೆ ಒಂದು ಮೇಜು ತುಂಬಾ ತರಕಾರಿ ಸಲಾಡ್. ಭಾನುವಾರ ಅದೇ ಹುಡುಗಿ ತರಗತಿಯಲ್ಲಿ ಪಕ್ಕಕ್ಕೆ ಬಂದು ಕೂರುತ್ತಾಳೆ. ಹೀಗೆ ಆಗಿದ್ದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ.

ಊರಿನ ಬಗ್ಗೆ ಸ್ವಲ್ಪ. 1951ರಲ್ಲಿ ವಲಸೆ ಬಂದವರಿಗಾಗಿ ಹಾಕಿದ ಶಿಬಿರ ಅದು. ರೊಮಾನಿಯಾದವರು, ಮೊರಾಕ್ಕೊದವರು, ಇರಾನಿನವರು, ನಮ್ಮ ಭಾರತದವರು, ಆಮೇಲೆ ಸೋವಿಯತ್ ಕಡೆಯವರು ಬಂದು ನೆಲೆಸಿದರು. ಎಷ್ಟೋ ಕುಟುಂಬಗಳು ತಾವು ಕೇಳದೇ ಈ ಮರುಭೂಮಿಗೆ ಬಂದು ಇಳಿದವು. ಹಾಗಾಗಿ 'ಬಡ ಊರಿಗೆ ಸಹಾಯ ಮಾಡಲು ಬಂದೆ' ಅನ್ನುವ ಧಾಟಿ ಅಲ್ಲಿ ನಡೆಯೋದಿಲ್ಲ, ನಡೆಯಲೂ ಬಾರದು. ತಮ್ಮ ಊರಿನ ಬಗ್ಗೆ ಅವರಿಗೆ ಅಭಿಮಾನ ಜಾಸ್ತಿ. ಮಕ್ಕಳ ಜೊತೆ ದೊಡ್ಡ ಮಖ್ತೇಶ್ ಕಣಿವೆಗೆ ಹೋಗಿ ಬಾಟಲಿಗೆ ಬಣ್ಣಬಣ್ಣದ ಮರಳು ತುಂಬಿಸಿಕೊಂಡು ಬರಲಿ, ಆ ಅಭಿಮಾನ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಕೆಲಸದ ವಿಷಯ. ಬಹಳಷ್ಟು ವಾಲಂಟಿಯರ್‌ಗಳು ಬಂದಿಳಿಯೋದು ಹಬ್ಬಗಳ ಹೊತ್ತಿಗೇ. ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಒಂದರ ಹಿಂದೆ ಒಂದು. ಶಾಲೆ ಎರಡು ದಿನ ಇದ್ದರೆ ನಾಲ್ಕು ದಿನ ಇರೋದಿಲ್ಲ. ಏನು ಕೇಳಿದರೂ 'ಹಬ್ಬ ಮುಗಿಯಲಿ' ಅಂತಾರೆ. ಆಗ ಈ ಮಕ್ಕಳಿಗೆ 'ನನ್ನಿಂದ ಯಾರಿಗೂ ಉಪಯೋಗ ಇಲ್ಲ' ಅನಿಸಿ ಅಳು ಬರುತ್ತದೆ. ಫೋನಿನಲ್ಲಿ ಅತ್ತರೆ ಗಾಬರಿಯಾಗಬೇಡಿ, ವಾಪಸ್ ಬಾ ಅನ್ನಲೂ ಬೇಡಿ. ಹಬ್ಬ ಮುಗಿದ ಮೇಲೆ ನಾಲ್ಕೈದು ಮಕ್ಕಳನ್ನು ಕೊಟ್ಟು ಕಾರಿಡಾರಿನ ಮೇಜಿನಲ್ಲಿ ಕೂರಿಸುತ್ತಾರೆ. ಕೆಲಸ ಅಲ್ಲಿಂದ ಶುರು. ಮಕ್ಕಳು ಟೀಚರನ್ನು ಹೆಸರು ಹಿಡಿದು ಕರೆಯುತ್ತವೆ, ಕೂಗಾಡುತ್ತವೆ, ನಿಮ್ಮಪ್ಪನ ಸಂಬಳ ಎಷ್ಟು ಅಂತ ಕೇಳುತ್ತವೆ. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಅಲ್ಲಿ ಮಾತಾಡೋದೇ ಹಾಗೆ.

ತಾಯಿಯ ಪ್ರಶ್ನೆ. ಇದನ್ನು ಮುಚ್ಚಿಡದೇ ಹೇಳುತ್ತೇನೆ. ಯಹೂದಿಗಳಿಗೆ ಇಸ್ರೇಲಿಗೆ ಬಂದು ನೆಲೆಸುವ ಹಕ್ಕು ಕೊಡುವ ವಾಪಸಾತಿ ಕಾನೂನು 1950ರದ್ದು. 1970ರ ತಿದ್ದುಪಡಿಯಲ್ಲಿ ಯಹೂದಿಗಳ ಮಕ್ಕಳು, ಮೊಮ್ಮಕ್ಕಳಿಗೂ ಅದು ಅನ್ವಯ ಅಂತ ಆಯಿತು. ಆದರೆ ಧರ್ಮದ ಲೆಕ್ಕದಲ್ಲಿ, ಅಲ್ಲಿನ ರಬ್ಬಿಗಳ (ಯಹೂದಿ ಧರ್ಮಗುರುಗಳ) ಮಂಡಳಿ ನೋಡೋದು ತಾಯಿಯನ್ನು. ಯೆರುಹಾಮ್‌ನಲ್ಲಿ ಸಂಪ್ರದಾಯ ಪಾಲಿಸುವವರು ಬಹಳ. ಊಟದ ಮೇಜಿನಲ್ಲೇ ಕೇಳಿಬಿಡುತ್ತಾರೆ. ಮಗಳು ಸುಮ್ನೆ ನೇರವಾಗಿ 'ಅಪ್ಪ ಯಹೂದಿ, ಅಮ್ಮ ಭಾರತದ ಹಿಂದೂ' ಅಂದರೆ ಸಾಕು. ಒಂದು ಕ್ಷಣ ಮೌನ ಇರಬಹುದು. ಆಮೇಲೆ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತದೆ. ಆದರೂ ಕೆಲವರ ಮಾತು ನೋಯಿಸಬಹುದು. ಊರಿಗೆ ಕಾಲಿಡುವ ಮುಂಚೆಯೇ ಕಾರ್ಯಕ್ರಮದ ಸಂಯೋಜಕರಿಗೆ ಈ ವಿಷಯ ಹೇಳಿಟ್ಟಿರಲಿ. ಅವಳ ಬೆನ್ನಿಗೆ ನಿಲ್ಲುವ ದೊಡ್ಡವರೊಬ್ಬರು ಅಲ್ಲಿ ಇರಲೇಬೇಕು.

ಡಿಮೋನಾದಲ್ಲಿ ಕೆಲಸ ಮಾಡುವ ಮಂಗಳೂರಿನವರು

ಡಿಮೋನಾ ಯೆರುಹಾಮ್‌ಗೆ ಹತ್ತಿರದ ಊರು. ನಾನು ಇಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ಅವರು ಬೆನೆ ಇಸ್ರಾಯೇಲ್ ಅನ್ನುವ ಭಾರತೀಯ ಯಹೂದಿ ಸಮುದಾಯದವರು, ಕೊಂಕಣದಿಂದ ಬಂದವರು. ಮನೆಯಲ್ಲಿ ಮರಾಠಿ. ಡಿಮೋನಾ, ಯೆರುಹಾಮ್ ಎರಡರಲ್ಲೂ ಇವರ ಜನ ಇದ್ದಾರೆ. ನೀವು ಬೆಳಗಾವಿಯವರು ಅಂದಿರಿ. ಮಗಳಿಗೆ ನಾಲ್ಕು ಮಾತು ಮರಾಠಿ ಬಂದರೂ ಸಾಕು, ಈ ಅಜ್ಜಿಯರು ಅವಳನ್ನು ಬಿಡೋದೇ ಇಲ್ಲ!

ಇವರಲ್ಲಿ ಮಲೀದಾ ಅಂತ ಒಂದು ಪೂಜೆ ಇದೆ. ಮದುವೆಗೆ ಮುಂಚೆ, ಹೊಸ ಮನೆಗೆ, ಹರಕೆ ತೀರಿದಾಗ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಹಾಕಿ ಕಲಸಿ, ಸುತ್ತ ಹಣ್ಣು ಇಟ್ಟು ಪ್ರವಾದಿ ಎಲಿಯಾಹುವನ್ನು ನೆನೆಯುತ್ತಾರೆ. ಮೊದಲ ಸಲ ಆ ತಟ್ಟೆ ನೋಡಿದಾಗ ನನಗೆ ನಮ್ಮ ಮನೆಯ ನೆನಪಾಗಿ ಮಾತೇ ಹೊರಡಲಿಲ್ಲ. ನಿಮ್ಮ ಮಗಳನ್ನು ಕರೆದರೆ ತಪ್ಪಿಸಬಾರದು. ಅವಳ ಎರಡೂ ಕಡೆಯವರು ಒಂದೇ ತಟ್ಟೆಯಲ್ಲಿ ಸಿಗುವ ಜಾಗ ಬೇರೆ ಎಲ್ಲಿದೆ ಹೇಳಿ?

ಅವಲಕ್ಕಿ, ತೊಗರಿಬೇಳೆ, ಸಾಸಿವೆಗೆ ಚಿಂತೆ ಬೇಡ. ಡಿಮೋನಾದಲ್ಲಿ ಸಿಗುತ್ತದೆ.

ಬೀರ್‌ಶೆವಾದಲ್ಲಿರುವವರು

ಎಲ್ಲರೂ ಊಟದ ಬಗ್ಗೆ ಹೇಳಿದರು, ನಾನು ಜೀವದ ಬಗ್ಗೆ ಹೇಳುತ್ತೇನೆ.

ಫ್ಲಾಟ್ ಯಾವ ಕಾಲದ ಕಟ್ಟಡ ಅಂತ ಕೇಳಿ. 1991ರ ಕೊಲ್ಲಿ ಯುದ್ಧದ ನಂತರ ಹೊಸ ಮನೆಗಳಲ್ಲಿ ಕ್ಷಿಪಣಿ, ರಾಕೆಟ್ ದಾಳಿಯಿಂದ ಕಾಪಾಡುವ ಕಾಂಕ್ರೀಟಿನ ಭದ್ರ ಕೋಣೆ ಕಡ್ಡಾಯ ಮಾಡಿದರು. ಹಳೇ ಕಟ್ಟಡವಾದರೆ ಸೈರನ್ ಕೂಗಿದಾಗ ಕೆಳಗಿನ ಅಥವಾ ಬೀದಿಯ ಆಶ್ರಯಕ್ಕೆ ಓಡಬೇಕು. ಹೋದ ದಿನವೇ ಒಂದು ಸಲ ನಡೆದು ನೋಡಲಿ. ಸೈರನ್ ಎಚ್ಚರಿಕೆಯ ಸರ್ಕಾರಿ ಆ್ಯಪ್ ಫೋನಿನಲ್ಲಿರಲಿ. ಆಂಬುಲೆನ್ಸ್‌ಗೆ 101, ಪೊಲೀಸ್‌ಗೆ 100.

ಎರಡನೇದು ನೀರು. ಮರುಭೂಮಿಯಲ್ಲಿ ಯಾವ ನೀರು ಅನ್ನಬೇಡಿ. 2018ರ ಏಪ್ರಿಲ್‌ನಲ್ಲಿ ನಾಹಲ್ ತ್ಸಾಫಿತ್ ಹಳ್ಳದಲ್ಲಿ ಚಾರಣಕ್ಕೆ ಹೋಗಿದ್ದ 10 ಎಳೆಯರು ಹಠಾತ್ ಪ್ರವಾಹದಲ್ಲಿ ಸತ್ತರು. ಇದೇ ವಯಸ್ಸಿನವರು. ಮಳೆ ಎಲ್ಲೋ ದೂರ ಬಿದ್ದರೂ ಒಣ ಹಳ್ಳ ತುಂಬಿ ಬರುತ್ತದೆ. ಪ್ರವಾಹದ ಎಚ್ಚರಿಕೆ ಇದ್ದ ದಿನ ಹಳ್ಳದ ಹತ್ತಿರ ಹೋಗೋದು ಬೇಡ. ಯಾರು ಕರೆದರೂ ಬೇಡ ಅನ್ನುವ ಧೈರ್ಯ ಅವಳಿಗಿರಲಿ.

ನಿಮ್ಮ ಗಂಡ ಇಸ್ರೇಲಿ ನಾಗರಿಕರಾ? ಹಾಗಿದ್ದರೆ ಮಗಳೂ ನಾಗರಿಕಳು ಅಂತ ಲೆಕ್ಕ ಆಗಬಹುದು. ಪಾಸ್‌ಪೋರ್ಟು, ಸೈನ್ಯದ ಸೇವೆ ಎಲ್ಲ ತಳುಕು ಹಾಕಿಕೊಳ್ಳುತ್ತದೆ. ಟಿಕೆಟ್‌ಗೆ ಮುಂಚೆ ಕಾನ್ಸುಲೇಟ್‌ನಲ್ಲಿ ವಿಚಾರಿಸಿ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಂಡ ಅಮೆರಿಕದವರೇ, ಆ ತೊಂದರೆ ಇಲ್ಲ. ಮಲೀದಾ ಬಗ್ಗೆ ಓದಿ ನಮ್ಮಮ್ಮನಿಗೆ ಫೋನ್ ಮಾಡಿದೆ. ಈಗ ಅವರು ಮೊಮ್ಮಗಳಿಗೆ ದಿನಾ ಮರಾಠಿ ಹೇಳಿಕೊಡುತ್ತಿದ್ದಾರೆ. ಇನ್ನೊಂದು ಪ್ರಶ್ನೆ: ತುಪ್ಪ, ಚಟ್ನಿಪುಡಿ ಕಳಿಸಬಹುದಾ? ಬಟ್ಟೆ ಎಂಥದ್ದು ಬೇಕು?

ಸ್ದೆ ಬೋಕರ್‌ನಲ್ಲಿದ್ದವರು

ಮೊದಲು ಆ ಫ್ಲಾಟಿನ ಅಡುಗೆಮನೆ ಕೋಷರ್ (ಯಹೂದಿ ಆಹಾರ ನಿಯಮ ಪಾಲಿಸುವಂಥದ್ದು) ಹೌದೋ ಅಂತ ಕೇಳಿ. ಇಂಥ ಫ್ಲಾಟ್‌ಗಳಲ್ಲಿ ಸಾಮಾನ್ಯವಾಗಿ ಹೌದು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಚಮಚದ ಹಿಡಿಗೆ ಹಾಲಿನದಕ್ಕೆ ನೀಲಿ, ಮಾಂಸದ್ದಕ್ಕೆ ಕೆಂಪು ಟೇಪ್ ಸುತ್ತಿರುತ್ತಾರೆ. ತುಪ್ಪ ಹಾಲಿನ ಕಡೆಗೆ ಸೇರುತ್ತದೆ. ಮೇಲಾಗಿ ಕೋಷರ್ ಮುದ್ರೆ ಇಲ್ಲದ ಡಬ್ಬಿಯನ್ನು ಜೊತೆಗಿರುವ ಹುಡುಗಿಯರು ಒಳಗೆ ಬಿಡದೇ ಇರಬಹುದು. ಆರು ಜನರ ಮನೆಯಲ್ಲಿ ಜಗಳ ಹುಟ್ಟೋದು ಇಂಥ ಚಮಚದಿಂದಲೇ. ಮೊದಲ ವಾರವೇ ಎಲ್ಲರೂ ಕೂತು ಮಾತಾಡಿಕೊಳ್ಳಲಿ.

ಪ್ಯಾಕೆಟ್ ಮೇಲೆ 'ಪರ್ವೆ' ಅಂತಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಆದರೆ ಮೊಟ್ಟೆ, ಮೀನು ಇರಬಹುದು. ಸಸ್ಯಾಹಾರಿಗೆ ಇದು ಗೊತ್ತಿರಲೇಬೇಕು. ಶನಿವಾರದ ಊಟದ ಹಮೀನ್ ಅನ್ನುವ ಅಡುಗೆ ರಾತ್ರಿಯಿಡೀ ಬೇಯುತ್ತದೆ, ಸಾಮಾನ್ಯವಾಗಿ ಮಾಂಸ ಹಾಕಿಯೇ ಮಾಡುತ್ತಾರೆ. ಊಟಕ್ಕೆ ಕರೆದಾಗಲೇ ಹೇಳಿಬಿಡಲಿ, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ.

ಬಟ್ಟೆ: ಚಳಿಗಾಲದ ರಾತ್ರಿ ಅಲ್ಲಿ ಕೊರೆಯುತ್ತದೆ. ನೆಲ ಟೈಲ್ಸ್, ಹೀಟರ್ ಎಲ್ಲ ಕೋಣೆಗೂ ಇರೋದಿಲ್ಲ. ಉಣ್ಣೆ ಕಾಲುಚೀಲ, ಥರ್ಮಲ್ ಇರಲಿ. ಬಿಸಿನೀರು ಛಾವಣಿಯ ಸೋಲಾರಿಂದ. ಮೋಡ ಇದ್ದ ದಿನ ಸ್ವಿಚ್ ಹಾಕಿ ಕಾಯಬೇಕು. ಶಾಲೆಗೆ, ಶುಕ್ರವಾರದ ಊಟಕ್ಕೆ ಮೊಣಕಾಲು ಮುಚ್ಚುವ ಒಂದೆರಡು ಬಟ್ಟೆ ಸಾಕು.

ಶುಕ್ರವಾರ ನಿಮ್ಮಲ್ಲಿ ಬೆಳಗ್ಗೆ ಆಗಿರುವಾಗಲೇ ಅಲ್ಲಿ ಶಬ್ಬಾತ್ ಶುರು. ಕರೆದ ಮನೆಯವರು ಪಾಲಿಸುವವರಾದರೆ ಅವಳು ಫೋನ್ ಮುಟ್ಟೋದಿಲ್ಲ. ಶನಿವಾರ ನಿಮ್ಮ ಮಧ್ಯಾಹ್ನದವರೆಗೂ ಕರೆ ಬಾರದಿದ್ದರೆ ಆತಂಕ ಬೇಡ. ಗುರುವಾರವೇ ಮಾತಾಡಿ, ಈ ವಾರ ಯಾರ ಮನೆಗೆ ಊಟಕ್ಕೆ ಹೋಗುತ್ತಿದ್ದಾಳೆ ಅಂತ ಕೇಳಿಟ್ಟುಕೊಳ್ಳಿ.