ಸಹಾಯ ಬೇಕು: ಐಸ್ಕಸಿ ಡಿಸ್ಕಿನ ಕ್ಯೂ ಡೆಪ್ತ್ ಎಷ್ಟಿಡಬೇಕು?

ಲಿನಕ್ಸ್ ಸರ್ವರ್‌ಗೆ ಐಸ್ಕಸಿ (iSCSI, ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ವಿಧಾನ) ಮೂಲಕ ಎರಡು ಲನ್ (LUN, ಸ್ಟೋರೇಜ್ ಕೊಡುವ ಡಿಸ್ಕ್) ಕೊಟ್ಟಿದ್ದೇನೆ, ಎರಡೂ ಸ್ಟೋರೇಜ್ ಜೊತೆಗಿನ ಒಂದೇ ಸಂಪರ್ಕದಲ್ಲಿ, ಅಂದರೆ ಒಂದೇ ಸೆಷನ್‌ನಲ್ಲಿವೆ. ಲಿನಕ್ಸ್‌ನ ಐಸ್ಕಸಿ ಸಾಫ್ಟ್‌ವೇರ್ ಓಪನ್-ಐಸ್ಕಸಿಯ ಡೀಫಾಲ್ಟ್‌ಗಳನ್ನು ಮುಟ್ಟಿಲ್ಲ: ಲನ್‌ಗೆ ಕ್ಯೂ ಡೆಪ್ತ್ (ಒಮ್ಮೆಗೆ ಕಳಿಸಿ ಉತ್ತರಕ್ಕೆ ಕಾಯಬಹುದಾದ ಕಮಾಂಡ್‌ಗಳ ಸಂಖ್ಯೆ) 32, ಇಡೀ ಸೆಷನ್‌ಗೆ 128 ಕಮಾಂಡ್. ಟೆಸ್ಟ್‌ನಲ್ಲಿ ಟೆಸ್ಟ್ ಟೂಲ್‌ಗೆ ಡೆಪ್ತ್ 64 ಕೊಟ್ಟರೆ ಐಒಪಿಎಸ್ (ಸೆಕೆಂಡಿಗೆ ಆಗುವ ಓದು-ಬರಹಗಳು) ಏರುವುದಿಲ್ಲ, ಲೇಟೆನ್ಸಿ (ಕಮಾಂಡ್ ಮುಗಿಯಲು ಹಿಡಿಯುವ ಸಮಯ) ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಕಮಾಂಡಿಗೆ 1 ಮಿಲಿಸೆಕೆಂಡ್ ಹಿಡಿದರೆ, ಡೆಪ್ತ್ 32ರಲ್ಲಿ ಸೆಕೆಂಡಿಗೆ 32,000 ದಾಟುವುದಿಲ್ಲ. ಈ ಲೆಕ್ಕ ಸರಿ. ಮಿಕ್ಕ ಕಮಾಂಡ್‌ಗಳು ಲಿನಕ್ಸ್ ಡಿಸ್ಕ್ ಕಮಾಂಡ್‌ಗಳನ್ನು ಸರದಿಗೆ ಹಾಕುವ ಬ್ಲಾಕ್ ಲೇಯರ್‌ನಲ್ಲೇ ಸುಮ್ನೆ ಕಾಯುತ್ತಿವೆ, ಅಲ್ವಾ?

ಒಂದು ಲನ್‌ಗೆ 128 ಕೊಟ್ಟರೆ ಇನ್ನೊಂದು ಲನ್ ಸೊರಗುತ್ತದಾ? ಟಾರ್ಗೆಟ್ (ಸ್ಟೋರೇಜ್) ಕಡೆಯಿಂದ 'ಟಾಸ್ಕ್ ಸೆಟ್ ಫುಲ್' (ಸರದಿ ತುಂಬಿದೆ ಎಂಬ ಉತ್ತರ) ಬಂದರೆ ಎಲ್ಲಿ ನೋಡಬೇಕು? ಅಥವಾ ಮಲ್ಟಿಪಾತ್ (ಒಂದೇ ಡಿಸ್ಕಿಗೆ ಹಲವು ದಾರಿ) ಹಾಕಿ ಇನ್ನೊಂದು ಸೆಷನ್ ತೆರೆಯುವುದೇ ಮೇಲಾ? ದಯವಿಟ್ಟು 'ನೆಟ್‌ವರ್ಕ್ ವೇಗ ಹೆಚ್ಚಿಸಿ' ಅನ್ನಬೇಡಿ, ಲಿಂಕ್ ಅರ್ಧವೂ ತುಂಬಿಲ್ಲ.